ಎಳೆದಷ್ಟೂ ಕಲ್ಲಾಗುವ ಪೋನಿ: ಕೈ ಹಗುರ ಮಾಡುವುದು ಹೇಗೆ?

ಕೆಂಚಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ನಮ್ಮಲ್ಲಿ ಕೆಂಚಿ ಅಂತ ಒಂದು ಹೆಣ್ಣು ಪೋನಿ, ಅಂದರೆ ಚಿಕ್ಕ ಜಾತಿಯ ಕುದುರೆ, ಇದ್ದಾಳೆ. 9 ವರ್ಷ. ಎತ್ತರ 12 ಹ್ಯಾಂಡ್, ಅಂದರೆ ಸುಮಾರು 122 ಸೆಂಟಿಮೀಟರ್. ಬಂದು ಒಂದೂವರೆ ವರ್ಷ ಆಯಿತು. ಕಚ್ಚುವುದಿಲ್ಲ, ಒದೆಯುವುದಿಲ್ಲ. ನನ್ನ 10 ವರ್ಷದ ಮಗಳು ಪಕ್ಕದಲ್ಲಿ ನಿಂತು ಎಷ್ಟು ಹೊತ್ತು ಮಾತಾಡಿದರೂ ಕಿವಿ ಅವಳ ಕಡೆ ಇಟ್ಟುಕೊಂಡು ಕೇಳುತ್ತಾಳೆ.

ಆದರೆ ಎರಡು ವಿಷಯದಲ್ಲಿ ನನಗೂ ಅವಳಿಗೂ ದಿನಾ ಜಗಳ. ಹಾಲ್ಟರ್ (ಹಗ್ಗ ಕಟ್ಟಲು ತಲೆಗೆ ಹಾಕುವ ಪಟ್ಟಿ) ಹಾಕಲು ಹೋದರೆ ತಲೆ ಮೇಲೆತ್ತಿ ಆಚೆ ತಿರುಗಿಸುತ್ತಾಳೆ, ನನ್ನ ಕೈ ಅದರ ಹಿಂದೆ ಹೋದಷ್ಟೂ ತಲೆ ಇನ್ನೂ ಮೇಲೆ. ಹೇಗೋ ಹಾಕಿ ಹಗ್ಗ ಹಿಡಿದು ಹೊರಟರೆ ಬಯಲಿನ ಗೇಟಿನ ತನಕ ಬರುತ್ತಾಳೆ, ಅಲ್ಲಿ ನಿಂತುಬಿಡುತ್ತಾಳೆ. ನಿಂತರೆ ಕಲ್ಲು.

ನನಗೆ ಕಲಿಸಿಕೊಟ್ಟವರು ಹೇಳಿದ್ದು ಇಷ್ಟು: ಮೊದಲು ಮೆಲ್ಲಗೆ ಕೇಳು, ಬರದಿದ್ದರೆ ಜೋರು ಮಾಡು, ಆಗಲೂ ಬರದಿದ್ದರೆ ಇನ್ನೂ ಜೋರು ಮಾಡು, ಬರುವ ತನಕ ಬಿಡಬೇಡ. ಹಾಗೇ ಮಾಡಿದೆ. ಶುರುವಿನಲ್ಲಿ ಕೆಲಸವೂ ಆಯಿತು. ಈಗ ಮೆಲ್ಲಗೆ ಅನ್ನುವುದಕ್ಕೆ ಅವಳು ಕಿವಿಯನ್ನೂ ಅಲ್ಲಾಡಿಸುವುದಿಲ್ಲ, ನೇರವಾಗಿ ಜೋರಿನಿಂದಲೇ ಶುರು ಮಾಡಬೇಕು. ಹೋದ ವಾರ ಮೈಭಾರ ಪೂರ್ತಿ ಹಾಕಿ ಎಳೆದೆ, ಅವಳು ಹಿಂದಕ್ಕೆ ಒರಗಿದಳು, ಹಗ್ಗ ಜಾರಿ ನನ್ನ ಅಂಗೈ ಸುಟ್ಟಿತು. ಮಗಳು ನೋಡುತ್ತಾ ನಿಂತಿದ್ದಳು. "ಅಮ್ಮಾ, ನೀನು ಏನು ಕೇಳ್ತಿದ್ದೀಯ ಅಂತ ಅವಳಿಗೆ ಗೊತ್ತಾಗ್ತಿಲ್ಲ ಅನ್ಸುತ್ತೆ" ಅಂದಳು. ಅವತ್ತಿನಿಂದ ಆ ಮಾತು ತಲೆಯಲ್ಲೇ ಇದೆ.

ಬಲ ಹಾಕದೆ ಬರೀ ಕೈಯ ಅರಿವಿನಿಂದ, ಕೆಲವರು "ಫೀಲ್" ಅನ್ನುತ್ತಾರಲ್ಲ, ಹಾಗೆ ಕುದುರೆ ನಡೆಸುವವರನ್ನು ನೋಡಿದ್ದೇನೆ. ನೋಡಲು ಚೆಂದ, ಆದರೆ ಏನು ಮಾಡುತ್ತಿದ್ದಾರೆ ಅಂತಲೇ ಕಾಣುವುದಿಲ್ಲ. ಕೇಳಿದರೆ "ಅದು ಬರಬೇಕು" ಅನ್ನುತ್ತಾರೆ. ನನಗೆ ಅಷ್ಟು ಸಾಲದು. ನಾಳೆ ಬೆಳಿಗ್ಗೆ ಲಾಯಕ್ಕೆ ಹೋದರೆ ನನ್ನ ಕೈ, ನನ್ನ ಕಾಲು ಏನು ಮಾಡಬೇಕು? ಅದನ್ನು ಹೇಳುವವರು ಇದ್ದೀರಾ?

ಸಡಿಲ ಹಗ್ಗ:

ನಿಮ್ಮ ಮಗಳು ಅರ್ಧ ಉತ್ತರ ಹೇಳಿಬಿಟ್ಟಿದ್ದಾಳೆ. ಉಳಿದ ಅರ್ಧ ನಾನು ಪ್ರಯತ್ನ ಮಾಡುತ್ತೇನೆ.

ಕುದುರೆಯ ಮೈ ಮೇಲೆ ಒಂದು ನೊಣ ಕೂತರೆ ಅದಕ್ಕೆ ಗೊತ್ತಾಗುತ್ತದೆ. ಬರೀ ಗೊತ್ತಾಗುವುದಲ್ಲ, ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ನೊಣ ಎಬ್ಬಿಸುತ್ತದೆ. ಅಂಥ ಚರ್ಮ ಇರುವ ಪ್ರಾಣಿಯನ್ನು ಮೈಭಾರ ಹಾಕಿ ಎಳೆಯುವ ಸ್ಥಿತಿ ಬಂದಿದೆ ಅಂದರೆ ಅದರ ಚರ್ಮ ದಪ್ಪ ಆಗಿಲ್ಲ. ಹಗ್ಗದಿಂದ ಬರುವ ಮಾತಿಗೆ ಅರ್ಥ ಇಲ್ಲ ಅಂತ ಅದು ಕಲಿತುಕೊಂಡಿದೆ.

ಹೇಗೆ ಕಲಿಯಿತು? ಕುದುರೆ ಎಳೆತದಿಂದ ಕಲಿಯುವುದಿಲ್ಲ, ಎಳೆತ ನಿಂತ ಗಳಿಗೆಯಿಂದ ಕಲಿಯುತ್ತದೆ. ನಿಮ್ಮ ಕೈ ಸುಟ್ಟಾಗ ಹಗ್ಗ ಬಿಟ್ಟಿರಿ ಅಲ್ವಾ? ಆಗ ಕೆಂಚಿ ಏನು ಮಾಡುತ್ತಿದ್ದಳು? ಹಿಂದಕ್ಕೆ ಒರಗುತ್ತಿದ್ದಳು. ಹಿಂದಕ್ಕೆ ಒರಗಿದರೆ ಆರಾಮ ಸಿಗುತ್ತದೆ ಅನ್ನುವ ಪಾಠ ಅವಳಿಗೆ ಸಿಕ್ಕಿತು. ಇನ್ನೊಂದು ಕಡೆಯಿಂದಲೂ ನೋಡಿ. ಅವಳು ಒಮ್ಮೆ ಭಾರ ಒಂಚೂರು ಮುಂದಕ್ಕೆ ತಂದಿರಬಹುದು, ಹೆಜ್ಜೆ ಇನ್ನೂ ಎತ್ತಿರಲಿಲ್ಲ, ನೀವು "ಹಾಂ ಬಂದಳು" ಅಂತ ಖುಷಿಯಲ್ಲಿ ಇನ್ನಷ್ಟು ಎಳೆದಿರಿ. ಅಲ್ಲಿ ಅವಳು ಸರಿ ಮಾಡಿದ್ದಕ್ಕೆ ಸಿಕ್ಕಿದ್ದು ಜಾಸ್ತಿ ಎಳೆತ. ಇದು ನಮ್ಮೆಲ್ಲರಿಂದಲೂ ಆಗುತ್ತದೆ, ಯಾಕಂದರೆ ನಾವು ಹೆಜ್ಜೆಗಾಗಿ ಕಾಯುತ್ತೇವೆ. ಹೆಜ್ಜೆಗೆ ಮುಂಚೆ ಬರುವುದನ್ನು ನೋಡುವುದೇ ಇಲ್ಲ.

ಫೀಲ್ ಅಂದರೆ ನನ್ನ ಪ್ರಕಾರ ಆ ಮುಂಚಿನದನ್ನು ಹಿಡಿಯುವುದು. ಹೆಜ್ಜೆ ಎತ್ತುವ ಮೊದಲು ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಭುಜದ ಮಾಂಸ ಸ್ವಲ್ಪ ಸಡಿಲ ಆಗುತ್ತದೆ. ಅದಕ್ಕೂ ಮೊದಲು ಕಿವಿಯೋ ಕಣ್ಣೋ ಆ ದಿಕ್ಕಿಗೆ ಹೋಗಿರುತ್ತದೆ. ನೀವು ಕಿವಿಯ ಹಂತದಲ್ಲೇ ಕೈ ಸಡಿಲ ಬಿಟ್ಟರೆ ಅವಳಿಗೆ "ಓ, ಇದನ್ನಾ ಕೇಳಿದ್ದು" ಅಂತ ಗೊತ್ತಾಗುತ್ತದೆ.

ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂದಿರಿ. ಕೆಂಚಿಯ ಹತ್ತಿರ ಹೋಗುವ ಮೊದಲು ಮಗಳ ಹತ್ತಿರ ಹೋಗಿ. ಹಗ್ಗದ ಒಂದು ತುದಿ ಅವಳ ಕೈಗೆ ಕೊಡಿ, ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ, ಮಧ್ಯದಲ್ಲಿ ಹಗ್ಗ ಜೋತು ಬಿದ್ದಿರಲಿ. ಅವಳು ಕಣ್ಣು ಮುಚ್ಚಬೇಕು. ನೀವು ಒಂದೊಂದೇ ಬೆರಳು ಮುಚ್ಚುತ್ತಾ ಹೋಗಿ. ಮೊದಲು ಗೊತ್ತಾದಾಗ ಅವಳು "ಹೂಂ" ಅನ್ನಬೇಕು. ಹಗ್ಗ ಬಿಗಿಯಾಗುವ ಎಷ್ಟೋ ಮೊದಲೇ ಹೂಂ ಅನ್ನುತ್ತಾಳೆ, ನೋಡಿ. ಆಮೇಲೆ ನೀವು ಕಣ್ಣು ಮುಚ್ಚಿ, ಅವಳು ನಿಮ್ಮನ್ನು ನಡೆಸಲಿ. ಅವಳು ಗಬಕ್ಕನೆ ಎಳೆದರೆ ನಿಮ್ಮ ಮೈ ತಾನಾಗಿ ಹಿಂದಕ್ಕೆ ಹೋಗುತ್ತದೆ, ನಿಮಗೆ ಹಠ ಇದೆ ಅಂತಲ್ಲ, ಬೀಳದಿರಲು ಮೈ ಹಾಗೆ ಮಾಡುತ್ತದೆ. ಗೇಟಿನಲ್ಲಿ ಕೆಂಚಿಗೆ ಆಗುವುದೂ ಅದೇ.

ಇನ್ನು ಗೇಟು. ನೇರವಾಗಿ ಮುಂದಕ್ಕೆ ಎಳೆಯಬೇಡಿ. ನಾಲ್ಕೂ ಕಾಲು ಊರಿ ನಿಂತ ಪೋನಿಯನ್ನು ಮುಂದಕ್ಕೆ ಎಳೆದರೆ ಅದಕ್ಕೆ ನಾಲ್ಕೂ ಕಾಲು ಇನ್ನೂ ಗಟ್ಟಿಯಾಗಿ ಊರುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಅವಳ ಮುಂಗಾಲುಗಳನ್ನು ನೋಡಿ, ಯಾವುದರ ಮೇಲೆ ಭಾರ ಕಡಿಮೆ ಇದೆ? ಆ ಕಾಲು ಎತ್ತಲು ಬಿಡುವಾಗಿದೆ. ಎಡಗಾಲು ಬಿಡುವಾಗಿದ್ದರೆ ಎಡಕ್ಕೆ ಒಂದು ಹೆಜ್ಜೆ ಕೇಳಿ. ಭಾರ ಹೊತ್ತಿರುವ ಕಾಲನ್ನು ಎತ್ತು ಅಂದರೆ ಯಾರಿಂದಲೂ ಆಗುವುದಿಲ್ಲ, ನೀವೇ ಎದ್ದು ನಿಂತು ಮಾಡಿ ನೋಡಿ. ಎಡಕ್ಕೆ ಒಂದು ಹೆಜ್ಜೆ ಬಂದರೆ ಕೈ ಸಡಿಲ, ಉಸಿರು ಬಿಡಿ, ಸುಮ್ನೆ ನಿಲ್ಲಿ. ಅವಳು ಯೋಚನೆ ಮಾಡಲಿ. ಆಮೇಲೆ ಬಲಕ್ಕೆ. ಹೀಗೆ ಅಡ್ಡಡ್ಡ ಹೋಗುತ್ತಾ ಗೇಟು ದಾಟಿರುತ್ತೀರಿ.

ನೀವು ಎಲ್ಲಿ ನೋಡುತ್ತೀರಿ ಅನ್ನುವುದೂ ಮುಖ್ಯ. ಎಳೆಯುವಾಗ ನಾವು ಕುದುರೆಯ ಕಡೆ ತಿರುಗಿ ಅದರ ಕಣ್ಣಲ್ಲಿ ಕಣ್ಣಿಟ್ಟು ನಿಂತಿರುತ್ತೇವೆ. ಹಗ್ಗ "ಬಾ" ಅನ್ನುತ್ತದೆ, ಮೈ "ನಿಲ್ಲು" ಅನ್ನುತ್ತದೆ. ಅವಳ ಭುಜದ ಪಕ್ಕಕ್ಕೆ ಬಂದು ನೀವು ಹೋಗಬೇಕಾದ ಕಡೆ ನೋಡಿ. ಅದೊಂದರಿಂದಲೇ ಎಷ್ಟೋ ಕುದುರೆಗಳು ಹೊರಟುಬಿಡುತ್ತವೆ.

ಕೊನೆಗೆ ಹಾಲ್ಟರ್. ತಲೆಯ ಹಿಂದೆ ಓಡಬೇಡಿ. ಎಡಭುಜದ ಪಕ್ಕ ನಿಂತು ಬಲಗೈಯನ್ನು ಕತ್ತಿನ ಮೇಲಿಂದ ಹಾಯಿಸಿ ಸುಮ್ನೆ ಇಡಿ. ತಲೆ ಮೇಲೆ ಹೋದರೆ ಕೈಯೂ ಜೊತೆಗೆ ಹೋಗಲಿ, ಹಿಡಿಯಬೇಡಿ, ಬಿಡಲೂ ಬೇಡಿ. ತಲೆ ಒಂದು ಬೆರಳಿನಷ್ಟು ಕೆಳಗೆ ಬಂದ ಕೂಡಲೇ ಕೈ ತೆಗೆದುಬಿಡಿ. ಮತ್ತೆ ಇಡಿ. ಮೊದಲ ದಿನ ಹಾಲ್ಟರ್ ಹಾಕಲೇಬೇಡಿ. ಮೂಗಿನ ಪಟ್ಟಿಯನ್ನು ಅಗಲ ಮಾಡಿ ಹಿಡಿದರೆ ಅವಳೇ ಮೂಗು ಒಳಗಿಡುವ ದಿನ ಬರುತ್ತದೆ.

ಗೊರಸಿನ ಸದ್ದು:

ಸಡಿಲ ಹಗ್ಗ ಅವರು ಬರೆದದ್ದೆಲ್ಲ ಸರಿ, ಆದರೆ ಅದನ್ನು ಶುರು ಮಾಡುವ ಮೊದಲು ದಯವಿಟ್ಟು ಪಶುವೈದ್ಯರನ್ನು ಕರೆಸಿ. ನನಗೆ ಈ ವಿಷಯದಲ್ಲಿ ತುಂಬಾ ಕಾಳಜಿ ಇದೆ. ಒಂದು ಕುದುರೆಯನ್ನು ಹಠಮಾರಿ ಅಂತ ಎಂಟು ತಿಂಗಳು ಅಂದುಕೊಂಡಿದ್ದೆ, ಕೊನೆಗೆ ನೋಡಿದರೆ ಅದಕ್ಕೆ ನೋವಿತ್ತು. ಆ ಎಂಟು ತಿಂಗಳು ಈಗಲೂ ನನ್ನನ್ನು ಕಾಡುತ್ತದೆ.

ಎರಡು ಪ್ರಶ್ನೆ. ಗೇಟಿನ ಆಚೆ ನೆಲ ಹೇಗಿದೆ? ಒಳಗೆ ಮೆತ್ತನೆ ಹುಲ್ಲು, ಆಚೆ ಗಟ್ಟಿ ನೆಲ ಅಥವಾ ಜಲ್ಲಿ ಇದ್ದರೆ ಗೊರಸು ನೋಡಿಸಲೇಬೇಕು. ಪೋನಿಗಳಿಗೆ ಲ್ಯಾಮಿನೈಟಿಸ್ ಬರುವುದು ಜಾಸ್ತಿ, ಅದರಲ್ಲೂ ಮೈ ತುಂಬಿಕೊಂಡು ಒಳ್ಳೆಯ ಹುಲ್ಲಿನಲ್ಲಿ ಮೇಯುವ ಪೋನಿಗಳಿಗೆ. ಗೊರಸಿನ ಒಳಗೆ ಮೂಳೆಯನ್ನು ಹಿಡಿದಿಡುವ ಪದರ ಊದಿಕೊಳ್ಳುತ್ತದೆ, ಗೊರಸು ಊದಲು ಜಾಗ ಕೊಡುವುದಿಲ್ಲ, ಹಾಗಾಗಿ ಭಯಂಕರ ನೋವು. ಮೆತ್ತನೆ ನೆಲದಲ್ಲಿ ಹೇಗೋ ನಡೆಯುತ್ತದೆ, ಗಟ್ಟಿ ನೆಲ ಕಂಡರೆ ನಿಲ್ಲುತ್ತದೆ, ಭಾರವನ್ನು ಹಿಂದಕ್ಕೆ ಹಾಕುತ್ತದೆ. ನೀವು ಬರೆದ "ಹಿಂದಕ್ಕೆ ಒರಗಿದಳು" ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಗೊರಸು ಮುಟ್ಟಿ ನೋಡಿ, ಬಿಸಿ ಇದೆಯಾ? ಗೊರಸಿನ ಮೇಲುಗಡೆ ಹಿಂಭಾಗದಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯಾ? ಹೌದು ಅನ್ನಿಸಿದರೆ ಅವತ್ತೇ ಫೋನ್ ಮಾಡಿ, ಕಾಯಬೇಡಿ.

ಎರಡನೆಯದು, ಹಲ್ಲು ಕೊನೆಯ ಬಾರಿ ನೋಡಿಸಿದ್ದು ಯಾವಾಗ? ಕುದುರೆಯ ಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಹೊರಗೆ ಬರುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ದವಡೆ ಹಲ್ಲುಗಳ ಹೊರಅಂಚು ಸವೆಯದೆ ಚೂಪಾಗಿ ಕೆನ್ನೆಯ ಒಳಗೆ ಗೀರುತ್ತದೆ. ಹಾಲ್ಟರಿನ ಪಟ್ಟಿ ಹೊರಗಿನಿಂದ ಅದೇ ಜಾಗ ಒತ್ತಿದರೆ ತಲೆ ಎತ್ತದೆ ಇನ್ನೇನು ಮಾಡುತ್ತದೆ ಹೇಳಿ.

ಮುಖವನ್ನೂ ನೋಡಲು ಕಲಿಯಿರಿ. ಕುದುರೆಯ ಮುಖದಲ್ಲಿ ನೋವು ಗುರುತಿಸುವ ಒಂದು ಅಳತೆಯನ್ನು ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದಾರೆ. ಕಿವಿ ಬಿಗಿಯಾಗಿ ಹಿಂದಕ್ಕೆ, ಕಣ್ಣಿನ ಮೇಲಿನ ಭಾಗ ಬಿಗಿ, ದವಡೆಯ ಮಾಂಸ ಉಬ್ಬಿರುವುದು, ಬಾಯಿ ಬಿಗಿದು ಗದ್ದ ಎದ್ದು ಕಾಣುವುದು, ಮೂಗಿನ ಹೊಳ್ಳೆ ಬಿಗಿ. ಇದನ್ನೆಲ್ಲ "ಮೂತಿ ಊದಿಸಿಕೊಂಡಿದೆ" ಅಂತ ಅಂದುಕೊಳ್ಳುತ್ತೇವೆ. ನೋವೂ ಇರಬಹುದು.

ನೇರ ಮಾತು:

ನಾನು ಒಂದು ತಕರಾರು ಎತ್ತುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫೀಲ್ ಅಂತ ಬೇರೆ ಏನೋ ಇದೆ, ಒತ್ತಡ ಅಂತ ಬೇರೆ ಏನೋ ಇದೆ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಬೆರಳು ಮುಚ್ಚುವುದೂ ಒತ್ತಡವೇ. ನಾವು ನೋಡುವ ದಿಕ್ಕು, ನಾವು ನಿಲ್ಲುವ ಜಾಗ, ಎಲ್ಲವೂ ಕುದುರೆಗೆ ಒತ್ತಡವೇ. ಅದಕ್ಕೆ ಇಷ್ಟವಿಲ್ಲದ್ದನ್ನು ಶುರು ಮಾಡುತ್ತೇವೆ, ನಮಗೆ ಬೇಕಾದ್ದು ಮಾಡಿದಾಗ ನಿಲ್ಲಿಸುತ್ತೇವೆ. ಕಲಿಕೆಯ ಲೆಕ್ಕದಲ್ಲಿ ಎರಡೂ ಒಂದೇ, ಪ್ರಮಾಣ ಮಾತ್ರ ಬೇರೆ. ಚೆಂದದ ಹೆಸರಿಟ್ಟರೆ ನಮ್ಮ ಮನಸ್ಸಿಗೆ ಸಮಾಧಾನ ಆಗುತ್ತದೆ, ಕುದುರೆಗೆ ಏನೂ ಬದಲಾಗುವುದಿಲ್ಲ.

ಇನ್ನೂ ಒಂದು ಹೆದರಿಕೆ ಇದೆ. ಮೆತ್ತಗೆ ನಡೆಸುತ್ತೇವೆ ಅಂತ ಹೇಳಿಕೊಳ್ಳುವ ಕೆಲವು ಕಡೆ ತುಂಬಾ "ಶಾಂತ" ಕುದುರೆಗಳನ್ನು ನೋಡಿದ್ದೇನೆ. ಹೇಳಿದ್ದೆಲ್ಲ ಮಾಡುತ್ತವೆ. ಕಿವಿ ಅಲ್ಲಾಡುವುದಿಲ್ಲ, ಕಣ್ಣು ಎಲ್ಲೂ ನೋಡುವುದಿಲ್ಲ, ಹತ್ತಿರ ಏನಾದರೂ ಬಿದ್ದರೂ ತಿರುಗುವುದಿಲ್ಲ. ಅದು ಶಾಂತಿ ಅಲ್ಲ, ಏನು ಮಾಡಿದರೂ ಪ್ರಯೋಜನ ಇಲ್ಲ ಅಂತ ಕೈಚೆಲ್ಲಿರುವುದು.

ಆಮೇಲೆ ಸುರಕ್ಷತೆ. ದೊಡ್ಡ ಕುದುರೆ 450–500 ಕಿಲೋ ಇರುತ್ತದೆ, ಪೋನಿ ಚಿಕ್ಕದಾದರೂ ಮಗುವಿನ ಪಾದದ ಮೇಲೆ ನಿಂತರೆ ಮೂಳೆ ಮುರಿಯಬಹುದು. ಹಗುರ ಕೈ ಅಂತ ಹೇಳಿ ಅದು ಮೈ ಮೇಲೆ ಬಂದರೂ ಸುಮ್ನಿರುವವರು ಇದ್ದಾರೆ. ಅದು ತಪ್ಪು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಕೈಗವಸು ಹಾಕಿ, ಮಗಳಿಗೆ ಹೆಲ್ಮೆಟ್ ಇರಲಿ, ನೇರ ಎದುರಿಗೂ ನೇರ ಹಿಂದೆಯೂ ನಿಲ್ಲಬೇಡಿ. ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ, ಕಾಣದಿರುವುದು ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ಹಿಂದೆ.

ಸಡಿಲ ಹಗ್ಗ:

ಬೇಜಾರು ಯಾಕೆ, ಈ ತಕರಾರು ಬೇಕಿತ್ತು. ಸುರಕ್ಷತೆಯ ಮಾತು ನಾನೇ ಬರೆಯಬೇಕಿತ್ತು, ಬಿಟ್ಟುಹೋಯಿತು. ಮೈ ಮೇಲೆ ಬರುವ ಪೋನಿಗೆ ನಿಮ್ಮ ಜಾಗ ಯಾವುದು ಅಂತ ಸ್ಪಷ್ಟವಾಗಿ ಹೇಳಲೇಬೇಕು. ಸ್ಪಷ್ಟ ಅಂದರೆ ಒರಟು ಅಂತಲ್ಲ.

ಕಲಿಕೆಯ ಲೆಕ್ಕದಲ್ಲಿ ಒಂದೇ ಅನ್ನುವುದನ್ನು ಒಪ್ಪುತ್ತೇನೆ. ಆದರೂ ಒಂದು ವ್ಯತ್ಯಾಸ ಇದೆ. ಬರೀ ಒತ್ತಡ ಅಂದಾಗ ಮಾತು ನನ್ನ ಕಡೆಯಿಂದ ಮಾತ್ರ ಹೋಗುತ್ತದೆ. ಫೀಲ್ ಅಂದಾಗ ಅದೇ ಹಗ್ಗದಲ್ಲಿ ಅದರ ಮಾತೂ ನನ್ನ ಕೈಗೆ ಬರುತ್ತದೆ. ನಾನು ಕೇಳಿದೆ, ಕತ್ತು ಗಟ್ಟಿಯಾಯಿತು, ಅದು ನನ್ನ ಬೆರಳಿಗೆ ಗೊತ್ತಾಯಿತು, ನಾನು ಕೇಳುವ ರೀತಿ ಬದಲಿಸಿದೆ. ಬದಲಾದದ್ದು ನಾನು. ನೀವು ಹೇಳಿದ ಕೈಚೆಲ್ಲಿದ ಕುದುರೆಗಳಿಗೆ ಆಗಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ, ಅವು ಹೇಳಿದ್ದನ್ನು ಯಾರೂ ಯಾವತ್ತೂ ಕೇಳಿಸಿಕೊಂಡಿಲ್ಲ.

ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಅನ್ನುವುದಕ್ಕೆ ಬರ್ಲಿನ್ನಿನ ಹಾನ್ಸ್ ನೆನಪಾಗುತ್ತದೆ. 1900ರ ದಶಕದ ಶುರುವಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಅನ್ನುವವರ ಹತ್ತಿರ ಇದ್ದ ಕುದುರೆ. ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು, ಜನ ಬೆರಗಾಗಿದ್ದರು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಪರೀಕ್ಷೆ ಮಾಡಿ ನೋಡಿದಾಗ, ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗೇ ಗೊತ್ತಿಲ್ಲದೆ ಒಂಚೂರು ಅಲುಗುತ್ತಿತ್ತು, ಹಾನ್ಸ್ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಈ ಕಥೆಯನ್ನು ಕುದುರೆಗೆ ಲೆಕ್ಕ ಬರುವುದಿಲ್ಲ ಅನ್ನುವುದಕ್ಕೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಸುತ್ತಲಿದ್ದ ಮನುಷ್ಯರ ಕಣ್ಣಿಗೆ ಬೀಳದ ಅಲುಗಾಟ ಒಂದು ಕುದುರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಈ ದಾರಿಯನ್ನು ಅಮೆರಿಕದಲ್ಲಿ ಬಿಲ್ ಡೊರೆನ್ಸ್ (1906–1999), ಅವರ ತಮ್ಮ ಟಾಮ್ ಡೊರೆನ್ಸ್ (1910–2003), ಆಮೇಲೆ ರೇ ಹಂಟ್ (1929–2009) ತುಂಬಾ ಜನಕ್ಕೆ ತಲುಪಿಸಿದರು. ದನ ಕಾಯುವ ಕುದುರೆಗಳ ಜೊತೆ ಬದುಕಿದವರು ಅವರು. ಆದರೆ ವಿಚಾರ ಅದಕ್ಕಿಂತ ತುಂಬಾ ಹಳೆಯದು. ಗ್ರೀಸಿನ ಲೇಖಕ ಕ್ಸೆನೊಫೋನ್ 2300 ವರ್ಷಕ್ಕೂ ಹಿಂದೆಯೇ, ಬಲವಂತದಿಂದ ಕುದುರೆ ಮಾಡುವುದರಲ್ಲಿ ಅರಿವೂ ಇರುವುದಿಲ್ಲ, ಅಂದವೂ ಇರುವುದಿಲ್ಲ ಅನ್ನುವ ಅರ್ಥದ ಮಾತು ಬರೆದಿದ್ದ.

ಕೆಂಚಿ ಅಮ್ಮ:

ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಗೊರಸಿನ ಸದ್ದು ಅವರೇ, ಗೇಟಿನ ಆಚೆ ಜಲ್ಲಿ ಹಾಕಿದ ದಾರಿ ಇದೆ. ಓದಿದ ಕೂಡಲೇ ಹೋಗಿ ಗೊರಸು ಮುಟ್ಟಿದೆ, ತಣ್ಣಗಿದೆ. ಆದರೂ ವೈದ್ಯರಿಗೆ ಫೋನ್ ಮಾಡಿದ್ದೇನೆ. ಹಲ್ಲು ಮಾತ್ರ, ನಮ್ಮಲ್ಲಿಗೆ ಬಂದ ಮೇಲೆ ಒಮ್ಮೆಯೂ ನೋಡಿಸಿಲ್ಲ. ಬರೆಯುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

ಮಗಳ ಜೊತೆ ಹಗ್ಗದ ಆಟ ಆಡಿದೆವು. ನಾನು ಎರಡನೇ ಬೆರಳು ಮುಚ್ಚುವಷ್ಟರಲ್ಲಿ ಅವಳು ಹೂಂ ಅಂದಳು. ನಾನು ಕಣ್ಣು ಮುಚ್ಚಿದಾಗ ಅವಳು ನನ್ನನ್ನು ಎಲ್ಲೂ ತಡವರಿಸದ ಹಾಗೆ ನಡೆಸಿದಳು. ಒಂದು ಕೇಳಬೇಕು, ಅವಳು ಇದರಲ್ಲಿ ನನಗಿಂತ ಚುರುಕು. ಕೆಂಚಿಯ ಜೊತೆ ಅವಳನ್ನು ಬಿಡಬಹುದಾ?

ಬಯಲಿನ ಅಕ್ಕ:

ಬಿಡಿ, ಆದರೆ ನೀವು ಪಕ್ಕದಲ್ಲಿ ಇದ್ದು. ಮಕ್ಕಳ ಜೊತೆ, ಪೋನಿಗಳ ಜೊತೆ ಇದ್ದು ನನಗೆ ವರ್ಷಗಳಾದವು. ಮಕ್ಕಳ ಹತ್ತಿರ ಬಲ ಇಲ್ಲ, ಅದಕ್ಕೇ ಅವರಿಗೆ ಬೇಗ ಬರುತ್ತದೆ. ದೊಡ್ಡವರಿಗೆ ಬಲ ಇದೆ, ಹಾಗಾಗಿ ಕೈ ಮೊದಲು ಅದನ್ನೇ ಹುಡುಕುತ್ತದೆ.

ಮಗಳಿಗೆ ಕೊಡಬಹುದಾದ ಒಂದು ಒಳ್ಳೆಯ ಕೆಲಸ ಹೇಳುತ್ತೇನೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದನ್ನು ನೋಡಿರುತ್ತೀರಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇರುತ್ತದೆ, ಜಾಸ್ತಿ ಕೆರೆಯುವುದು ಅಲ್ಲೇ. ಮನುಷ್ಯರು ಆ ಜಾಗ ಕೆರೆದಾಗ ಕುದುರೆಯ ಎದೆಬಡಿತ ನಿಧಾನ ಆಗುತ್ತದೆ ಅಂತ 1993ರಲ್ಲಿ ಅಳೆದು ತೋರಿಸಿದ್ದಾರೆ. ಮುಖ ತಟ್ಟುವುದು, ಕತ್ತಿಗೆ ಪಟಪಟ ಹೊಡೆಯುವುದು ನಮಗೆ ಮುದ್ದು, ಅವಕ್ಕೆ ಅಲ್ಲ. ಮಗಳು ಆ ಉಬ್ಬಿನ ಹತ್ತಿರ ಬೆರಳಿನಿಂದ ಕೆರೆಯಲಿ. ಮೂರು ಎಣಿಸುವಷ್ಟು ಕೆರೆದು ನಿಲ್ಲಿಸಿ ನೋಡಲಿ. ಕೆಂಚಿ ಹತ್ತಿರ ಒರಗಿದರೆ ಇನ್ನೂ ಬೇಕು ಅಂತ. ಆಚೆ ಹೋದರೆ ಸಾಕು ಅಂತ, ಅವಳು ಸಾಕು ಅಂದಾಗ ನಿಲ್ಲಿಸಬೇಕು. ಮಕ್ಕಳಿಗೆ ಇದು ತುಂಬಾ ಇಷ್ಟ, ಮೇಲ್ತುಟಿ ಉದ್ದ ಮಾಡಿ ಅಲ್ಲಾಡಿಸುತ್ತವಲ್ಲ, ಅದನ್ನು ನೋಡಲು ಕಾಯುತ್ತಿರುತ್ತಾರೆ.

ಹುಲ್ಲಿಗೆ ತಲೆ ಹಾಕಿ ಎಳೆದುಕೊಂಡು ಹೋಗುವ ಪೋನಿ ಆದರೆ ಮಗಳು ಎಳೆದಾಡಬಾರದು. ತಲೆ ಕೆಳಗೆ ಹೋದ ಮೇಲೆ ಮಗುವಿನ ತೋಳಿಗೆ ಆ ತಲೆ ಎತ್ತಲು ಆಗುವುದೇ ಇಲ್ಲ. ತಲೆ ಹೋಗುವ ಮೊದಲು ಕಿವಿ, ಕಣ್ಣು ಹುಲ್ಲಿಗೆ ಹೋಗಿರುತ್ತದೆ, ಆಗಲೇ ಹೆಜ್ಜೆ ಜೋರು ಮಾಡಿ ಬೇರೆ ಕಡೆ ತಿರುಗಿದರೆ ಸಾಕು.

ಹೊತ್ತು ಕಡಿಮೆ ಇರಲಿ. 10 ನಿಮಿಷ ಸಾಕು, ನಿಜವಾಗಿ.

ಕೆಂಚಿ ಅಮ್ಮ:

ಮೂರು ವಾರ ಆಯಿತು, ಏನಾಯಿತು ಅಂತ ಬರೆಯಬೇಕು ಅನ್ನಿಸಿತು.

ವೈದ್ಯರು ಬಂದು ನೋಡಿದರು. ಗೊರಸು ಸರಿ ಇದೆ, ಲ್ಯಾಮಿನೈಟಿಸ್ ಇಲ್ಲ, ಆದರೆ ಜಲ್ಲಿಯ ಮೇಲೆ ಸ್ವಲ್ಪ ಹುಷಾರಾಗಿ ಹೆಜ್ಜೆ ಇಡುತ್ತಾಳೆ, ಮೈ ಸ್ವಲ್ಪ ಇಳಿಸಿ ಅಂದರು. ಹಲ್ಲು ಸರಿ ಇರಲಿಲ್ಲ. ಎಡಗಡೆ ಮೇಲಿನ ಹಲ್ಲಿನ ಅಂಚು ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು, ಸರಿಯಾಗಿ ಹಾಲ್ಟರಿನ ಪಟ್ಟಿ ಕೂರುವ ಜಾಗದಲ್ಲಿ. ಆ ಅಂಚನ್ನು ಅರದಿಂದ ಉಜ್ಜಿ ಸರಿ ಮಾಡಿದರು. ಹುಣ್ಣು ಮಾಯುವ ತನಕ ಹಾಲ್ಟರ್ ಬೇಡ ಅಂದರು, ಹತ್ತು ದಿನ ಹಾಕಲಿಲ್ಲ. ಕತ್ತಿನ ಸುತ್ತ ಹಗ್ಗವನ್ನು ಅಗಲವಾಗಿ ಜೋತು ಬಿಟ್ಟು, ಅದರ ಮೇಲೆ ಎರಡು ಬೆರಳಿಟ್ಟು ಬಯಲಿನ ಒಳಗೇ ನಡೆದೆವು. ಅವಳು ಬಂದಳು! ಹಾಲ್ಟರ್ ಇದ್ದಾಗಿನದಕ್ಕಿಂತ ಚೆನ್ನಾಗಿ ಬಂದಳು. ಎಳೆಯಲು ಏನೂ ಇಲ್ಲದಿದ್ದಾಗ ನಾನು ಅವಳನ್ನು ನೋಡಲು ಶುರು ಮಾಡಿದೆ. ಹೊರಡುವ ಮೊದಲು ನನ್ನ ಪಕ್ಕದ ಕಿವಿ ನನ್ನ ಕಡೆ ತಿರುಗುತ್ತದೆ, ಅದು ಒಂದೂವರೆ ವರ್ಷದಿಂದ ಅಲ್ಲೇ ಇತ್ತಂತೆ, ಮಗಳು ಹೇಳಿದಳು.

ಹಾಲ್ಟರ್ ಮತ್ತೆ ಶುರು ಮಾಡಿದ ಮೊದಲ ದಿನ ತಲೆ ಮೇಲೆ ಹೋಯಿತು. ನೋವು ಹೋದರೂ ನೆನಪು ಹೋಗಿಲ್ಲ. ಕೈ ಜೊತೆಗೆ ಕಳಿಸಿದೆ, ಕೆಳಗೆ ಬಂದಾಗ ತೆಗೆದೆ. ಒಂಬತ್ತು ಸಲವೋ ಹತ್ತು ಸಲವೋ ಆದ ಮೇಲೆ ತಲೆಯನ್ನು ನನ್ನ ಎದೆಯ ಎತ್ತರಕ್ಕೆ ತಂದು ನಿಂತಳು. ಅವತ್ತು ಹಾಕಲಿಲ್ಲ. ನಾಲ್ಕನೇ ದಿನ ಹಾಕಿದೆ.

ಗೇಟು ಪೂರ್ತಿ ಸರಿ ಹೋಗಿಲ್ಲ. ಅಡ್ಡ ಹೆಜ್ಜೆ ಕೆಲವು ದಿನ ಕೆಲಸ ಮಾಡುತ್ತದೆ, ಕೆಲವು ದಿನ ಇಲ್ಲ. ನಿನ್ನೆ ನಿಂತಳು. ಬಲ ಹಾಕಲು ಕೈ ಬಂತು, ಬಂದದ್ದು ನನಗೇ ಗೊತ್ತಾಯಿತು, ಬೆರಳು ಬಿಚ್ಚಿದೆ. ಬೇರೆ ಏನು ಮಾಡಬೇಕು ಅಂತ ತೋಚಲಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತು ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ದಾರಿಯ ತುದಿಯಲ್ಲಿ ಯಾರೋ ಒಂದು ನೀಲಿ ಹೊದಿಕೆ ಒಣಗಿಸಲು ಹಾಕಿದ್ದರು, ಗಾಳಿಗೆ ಹಾರುತ್ತಿತ್ತು. ನಾನು ಅದನ್ನು ನೋಡಿರಲೇ ಇಲ್ಲ.

ಸಡಿಲ ಹಗ್ಗ:

ಆ ಹೊದಿಕೆ ನಾಳೆಯೂ ಅಲ್ಲೇ ಇದ್ದರೆ ಅವಳಿಗೆ ಅನುಕೂಲ ಆಗುವಷ್ಟು ದೂರದಿಂದಲೇ ನೋಡಲು ಬಿಡಿ. ತಲೆ ಕೆಳಗೆ ಬಂದು, ಕಣ್ಣು ಮಿಟುಕಿಸಿ, ಉಸಿರು ಬಿಟ್ಟರೆ ಅವತ್ತಿಗೆ ವಾಪಸ್ ತಿರುಗಿ. ಮರುದಿನ ಎರಡು ಹೆಜ್ಜೆ ಜಾಸ್ತಿ ಕೇಳಿ.

ಕೆಂಚಿ ಅಮ್ಮ:

ಆಯಿತು. ನಾಳೆ ಹಗ್ಗ ಮಗಳ ಕೈಯಲ್ಲಿ, ನಾನು ಪಕ್ಕದಲ್ಲಿ.